ಹರಿಣಿ ಮಿಸ್ ಕೈಯ ಪಂಚಾಮೃತ

ಜೂನ್ 4, 2025

ಶ್ರೀಕಂಠ ಜೋಯಿಸರು ನಿವೃತ್ತರಾದರು. ಇವತ್ತಿನಿಂದ ಶಾಲೆಯ ಸಂಸ್ಕೃತವೂ ನನ್ನ ತಲೆಗೇ ಬಂತು. ಹಿಂದಿ ಮೊದಲೇ ಇತ್ತು. ಕಾರ್ಯದರ್ಶಿ ರಮೇಶ್‌ಬಾಬು ಕರೆದು ಕೂರಿಸಿಕೊಂಡು, ಮೂರನೇ ಭಾಷೆ ಉಳಿಯುತ್ತದೋ ಹೋಗುತ್ತದೋ ಪೇಪರಿನವರು ದಿನಕ್ಕೊಂದು ಬರೆಯುತ್ತಿದ್ದಾರೆ, ಬರೀ ಹಿಂದಿಯನ್ನು ನಂಬಿಕೊಂಡರೆ ನಿಮಗೇ ಕಷ್ಟ, ಡಿಗ್ರಿಯಲ್ಲಿ ಸಂಸ್ಕೃತ ಓದಿದ್ದೀರಲ್ಲ, ಒಂದು ವರ್ಷ ನೋಡೋಣ, ಚೆನ್ನಾಗಿ ನಡೆದರೆ ಮಾರ್ಚಿಗೆ ಕಾಯಂ ಮಾಡಿಬಿಡೋಣ ಎಂದರು. ಹನ್ನೊಂದು ವರ್ಷ ಇದೇ ಶಾಲೆಯಲ್ಲಿ ತಾತ್ಕಾಲಿಕ ಅನ್ನಿಸಿಕೊಂಡು ಬಂದವಳು ನಾನು. ನನ್ನ ಹಿಂದೆ ಸೇರಿದವರೆಲ್ಲ ಕಾಯಂ ಆದರು. ಯಾಕೆ ಅಂತ ಕೇಳಿದವರಿಗೆ ಪ್ರತಿ ವರ್ಷ ಒಂದೊಂದು ಕಾರಣ ಸಿಕ್ಕಿತು. ತಲೆಯಾಡಿಸಿ ಎದ್ದು ಬಂದೆ.

ನಮ್ಮ ಶಿಡ್ಲಘಟ್ಟದಲ್ಲಿ ಸಂಸ್ಕೃತಕ್ಕೆ ಇಷ್ಟು ಗಿರಾಕಿಗಳು ಎಂದರೆ ಹೊರಗಿನವರು ನಂಬಲಾರರು. ರೇಷ್ಮೆ ನೂಲು ತೆಗೆಸುವ ರೀಲರುಗಳ ಮಕ್ಕಳು, ಹಿಪ್ಪುನೇರಳೆ ತೋಟದವರ ಮಕ್ಕಳು, ಎಲ್ಲರಿಗೂ ಮೊದಲ ಭಾಷೆ ಸಂಸ್ಕೃತವೇ ಆಗಬೇಕು. ದೇವಭಾಷೆ ಅಂತ ಯಾರೂ ಬರುವುದಿಲ್ಲ. ನೂರಿಪ್ಪತ್ತೈದಕ್ಕೆ ನೂರಿಪ್ಪತ್ತೈದು ಬೀಳುತ್ತದೆ ಅಂತ ಬರುತ್ತಾರೆ.

ಸಂಜೆ ಅಪ್ಪನಿಗೆ ಹೇಳಿದೆ. ಅಪ್ಪ ಕೊಂಡಪ್ಪ ರೇಷ್ಮೆ ಇಲಾಖೆಯಲ್ಲಿ ಡಿ ಗ್ರೂಪ್ ನೌಕರರಾಗಿದ್ದವರು. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಬೌದ್ಧ ದೀಕ್ಷೆ ತೆಗೆದುಕೊಂಡರು. ಅವತ್ತೇ ಮನೆಯ ದೇವರ ಪಟಗಳೆಲ್ಲ ಇಳಿದವು. ಈಗಲೂ ಭಾನುವಾರ ಬೆಳಿಗ್ಗೆ ಅಂಬೇಡ್ಕರ್ ಭವನದಲ್ಲಿ ಕೇರಿಯ ಮಕ್ಕಳನ್ನು ಕೂರಿಸಿಕೊಂಡು ವಂದನೆ ಹೇಳಿಸುತ್ತಾರೆ, ದೇವರ ಪೂಜೆ ಮಾಡುವುದಿಲ್ಲ ಎನ್ನುವ ಅಂಬೇಡ್ಕರರ ಇಪ್ಪತ್ತೆರಡು ಪ್ರತಿಜ್ಞೆ ಓದಿಸುತ್ತಾರೆ. ಸಂಸ್ಕೃತ ಓದಲು ನನ್ನನ್ನು ತಳ್ಳಿದವರೂ ಅವರೇ. ಮೇಲ್ಜಾತಿಯವರು ಬೀಗ ಹಾಕಿಟ್ಟ ಕೋಣೆಯಲ್ಲಿ ಏನಿದೆಯೆಂದು ನಮ್ಮವರಲ್ಲಿ ಒಬ್ಬರಾದರೂ ನೋಡಿಕೊಂಡು ಬರಬೇಕು ಅನ್ನುತ್ತಿದ್ದರು.

ಇವತ್ತು ನಕ್ಕರು. "ನೋಡ್ಕೊಂಡು ಬಾ ಅಂದ್ರೆ ಅಲ್ಲೇ ಕೆಲಸಕ್ಕೆ ಸೇರ್ಕೊಂಡಲ್ಲಮ್ಮ" ಅಂದರು. ನನಗೂ ನಗು ಬಂತು.

ಜೂನ್ 19

ಹತ್ತನೇ ತರಗತಿಗೆ ಬೆಳಿಗ್ಗೆ ಹಿಂದಿಯಲ್ಲಿ ದ್ವಿಗು ಸಮಾಸ, ಮಧ್ಯಾಹ್ನ ಸಂಸ್ಕೃತದಲ್ಲಿ ಅದೇ ದ್ವಿಗು ಸಮಾಸ. ಮೊದಲ ಪದ ಸಂಖ್ಯೆ, ಎರಡೂ ಸೇರಿದರೆ ಒಂದು ಗುಂಪು, ಅಲ್ಲಿಗೆ ದ್ವಿಗು ಮುಗಿಯಿತು. ಒಂದು ಅಂಕ ಖಾತ್ರಿ. ಹಿಂದಿಯ ದ್ವಿಗು ಬೀದಿಯಲ್ಲಿ ಓಡಾಡುತ್ತದೆ: ದೋಪಹರ್, ಚೌರಾಹಾ, ತಿರಂಗಾ, ಚಾರ್‌ಪಾಯಿ. ಸಂಸ್ಕೃತದ್ದು ಪೀಠ ಬಿಟ್ಟು ಇಳಿಯುವುದಿಲ್ಲ: ತ್ರಿಲೋಕ, ಸಪ್ತರ್ಷಿ, ನವಗ್ರಹ, ಪಂಚಾಮೃತ. ಅಲ್ಲಿ ‘ತ್ರಿ’ ಇದ್ದದ್ದು ಇಲ್ಲಿ ‘ತಿ’ ಆಗುತ್ತದೆ, ‘ಚತುರ್’ ಇದ್ದದ್ದು ‘ಚೌ’. ದುಡಿದು ತಿನ್ನುವವರಿಗೆ ಅಷ್ಟುದ್ದ ಹೇಳಿಕೊಂಡು ಕೂರಲು ಪುರುಸೊತ್ತೆಲ್ಲಿ! ಇದನ್ನು ಹೇಳಿದಾಗ ಮಕ್ಕಳು ಚೆನ್ನಾಗಿ ನಕ್ಕರು.

ನೀವೇ ಹೇಳಿ ಎಂದೆ. ಒಬ್ಬ ಚಾರ್‌ಮಿನಾರ್ ಅಂದ. ಒಬ್ಬಳು ದುಪಟ್ಟಾ ಅಂದಳು. ನಂದಿ ಕಡೆಯಿಂದ ಬರುವ ಹುಡುಗ ಪಂಚಗಿರಿ ಅಂದ. ಗೂಡಿನ ಮಾರ್ಕೆಟ್ಟಿನ ಹಿಂದಿನ ಬೀದಿಯವನೊಬ್ಬ ಎದ್ದು ನಿಂತು "ದ್ವಿತಳಿ, ಮಿಸ್" ಅಂದಾಗ ಕ್ಲಾಸಿಗೆ ಕ್ಲಾಸೇ ಹೋ ಎಂದಿತು. ಅವರಪ್ಪ ದಿನಾ ದ್ವಿತಳಿ ಜಾತಿಯ ರೇಷ್ಮೆ ಗೂಡು ಕೊಳ್ಳುವವನು. ದ್ವಿಗು ಹೌದೋ ಅಲ್ಲವೋ ಅಂತ ಪಂಡಿತರು ಜಗಳವಾಡಿಕೊಳ್ಳಲಿ, ನಾನು ಬೋರ್ಡಿನ ಮೇಲೆ ಬರೆದೇಬಿಟ್ಟೆ.

ಆಮೇಲೆ ಗೌತಮಿ ಎದ್ದಳು. ನೂಲು ಬಿಚ್ಚುವ ಕೆಲಸದವರ ಮಗಳು, ನಮ್ಮ ಕೇರಿಯವಳೇ, ಅಪ್ಪನ ಭಾನುವಾರದ ಕ್ಲಾಸಿಗೆ ತಪ್ಪದೆ ಬರುವವಳು. "ತ್ರಿಶರಣ, ಪಂಚಶೀಲ" ಅಂದಳು. ಎರಡನ್ನೂ ಎಲ್ಲಕ್ಕಿಂತ ದೊಡ್ಡದಾಗಿ ಬರೆದೆ. ಗೈಡಿನಲ್ಲಿ ಚತುರ್ವರ್ಣ ಅಂತಲೂ ಇತ್ತು. ಆ ನಾಲ್ಕರಲ್ಲಿ ನಾವೆಲ್ಲಿ ಬರುತ್ತೇವೆ ಮಿಸ್ ಎಂದು ಗೌತಮಿಯೇ ಕೇಳಿದಳು. ಮುಚ್ಚಿಡಲು ನನಗೇನು ಹೆದರಿಕೆಯೇ? ಆ ಲೆಕ್ಕದಲ್ಲಿ ನಮ್ಮನ್ನು ಎಣಿಸಲೇ ಇಲ್ಲ ಕಣಮ್ಮ, ಆ ಪದ ನನ್ನ ಕ್ಲಾಸಿಗೆ ಬೇಡ, ಎಲ್ಲರೂ ಅದರ ಮೇಲೆ ಗೆರೆ ಎಳೆಯಿರಿ ಎಂದೆ. ಗೆರೆ ಎಳೆಯುವ ಸದ್ದು ಚೆನ್ನಾಗಿತ್ತು.

ಆಗಸ್ಟ್ 21

ಮುಖ್ಯೋಪಾಧ್ಯಾಯಿನಿ ಅನಸೂಯಮ್ಮ ಕರೆಸಿದ್ದರು. ಯಾರೋ ಪೋಷಕರು ಮಗನ ನೋಟ್ಸಿನ ಫೋಟೋ ಕಳಿಸಿದ್ದಾರಂತೆ. ಯಾರು ಅಂತ ಹೇಳಲಿಲ್ಲ. ಬೋರ್ಡಿನ ಮೇಲೆ ಪುಸ್ತಕದಲ್ಲಿ ಇರುವುದಷ್ಟೇ ಇರಲಿ ಮೇಡಂ, ಸಂಸ್ಕೃತ ಅಂದರೆ ಜನಕ್ಕೆ ಒಂದು ಭಾವನೆ ಇರುತ್ತೆ ಎಂದರು. ಹೆಂಗಸು ಕೆಟ್ಟವಳಲ್ಲ. ಹೇಳುವಾಗ ನನ್ನ ಮುಖ ನೋಡದೆ ಟೇಬಲ್ಲಿನ ಗಾಜಿನ ಕೆಳಗಿನ ಟೈಮ್‌ಟೇಬಲ್ ನೋಡುತ್ತಿದ್ದರು.

ಪಂಚಶೀಲ ಅಂದರೆ ಬೈಗುಳವೇ? ಪಂಚವಟಿ ಬರೆದರೆ ಯಾರ ಭಾವನೆಗೂ ಏನೂ ಆಗುವುದಿಲ್ಲ, ಪಂಚಶೀಲ ಬರೆದರೆ ಫೋಟೋ ತೆಗೆಯುತ್ತಾರೆ. ಸಂಸ್ಕೃತವೇನು ಇವರಪ್ಪನ ಮನೆ ಆಸ್ತಿಯೇ? ಮನೆಗೆ ಬಂದು ಅಂಬರೀಶನ ಮೇಲೆ ಕೂಗಾಡಿದೆ. ನನ್ನ ಗಂಡ ಚಿಂತಾಮಣಿ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅಷ್ಟೂ ಕೇಳಿಸಿಕೊಂಡು, "ಪೋನೀ ಬಿಡು. ಮಾರ್ಚ್ ವರ್ಗೂ ಬಾಯ್ ಮುಚ್ಕೊಂಡಿರು. ಆಮೇಲೆ ಏನ್ ಬೇಕಾದ್ರೂ ಬರಿ" ಎಂದ.

ಅವನು ಹೇಳಿದ್ದರಲ್ಲೂ ಅರ್ಥವಿದೆ. ಒಂದು ಪದಕ್ಕೋಸ್ಕರ ಕೆಲಸ ಕಳೆದುಕೊಳ್ಳುವಷ್ಟು ದಡ್ಡಿ ನಾನಲ್ಲ.

ನವೆಂಬರ್ 15

ಜಿಲ್ಲಾ ಮಟ್ಟದ ಪ್ರತಿಭಾ ಕಾರಂಜಿಗೆ ಗೌರಿಬಿದನೂರಿಗೆ ಹೋಗಿದ್ದೆವು. ಗೌತಮಿ ಸಂಸ್ಕೃತ ಪಠಣದಲ್ಲಿ ಎರಡನೇ ಬಹುಮಾನ ತಗೊಂಡಳು. ತಾಲ್ಲೂಕಿನಲ್ಲಿ ಮೊದಲನೆಯದು ಬಂದಾಗಲೇ ಸ್ಟಾಫ್ ರೂಮಿನಲ್ಲಿ ಕೆಲವರ ಮುಖ ಬಾಡಿತ್ತು. ಇವತ್ತಂತೂ ಹೊಟ್ಟೆ ತಣ್ಣಗಾಯಿತು. ಉಚ್ಚಾರಣೆ ಅಂದರೆ ಉಚ್ಚಾರಣೆ! ಮಹಾಪ್ರಾಣ ಒಂದೂ ಜಾರಲಿಲ್ಲ.

ತೀರ್ಪುಗಾರರೊಬ್ಬರು, ವಯಸ್ಸಾದವರು, ಹತ್ತಿರ ಬಂದು ಹುಡುಗಿಗೆ ಯಾರು ಕಲಿಸಿದ್ದು ಎಂದು ವಿಚಾರಿಸಿದರು. ನಾನೇ ಎಂದೆ. ತುಂಬ ಸಂತೋಷ, ಈ ಕಾಲದಲ್ಲಿ ಇಂಥ ಶುದ್ಧಿ ಮನೆತನದಿಂದ ಬಂದರೇನೇ ಬರುವುದು, ನಿಮ್ಮ ತಂದೆಯವರು ವೈದಿಕರೋ ಎಂದು ಕೇಳಿದರು. ಅಪ್ಪನಿಗೂ ಸಂಸ್ಕೃತದ ಮೇಲೆ ಅಭಿಮಾನ ಎಂದೆ. ಅದು ಸುಳ್ಳೇನೂ ಅಲ್ಲ. ಅವರು ಏನು ಅಂದುಕೊಂಡರೋ ತಿದ್ದಲು ಹೋಗಲಿಲ್ಲ, ಬಸ್ಸಿಗೆ ಹೊತ್ತಾಗಿತ್ತು.

ಗೌತಮಿ ಪಕ್ಕದಲ್ಲೇ ನಿಂತಿದ್ದಳು. ದಾರಿಯುದ್ದಕ್ಕೂ ಮಾತಾಡಲಿಲ್ಲ. ಸುಸ್ತಾಗಿತ್ತೇನೋ.

ಜನವರಿ 9, 2026

ಪ್ರತಿ ವರ್ಷ ಪರೀಕ್ಷೆಗೆ ಮುಂಚೆ ನಮ್ಮ ಶಾಲೆಯಲ್ಲಿ ಸರಸ್ವತಿ ಪೂಜೆ ಮಾಡುತ್ತಾರೆ. ಹತ್ತನೇ ತರಗತಿಯ ಹಾಲ್ ಟಿಕೆಟ್‌ಗಳನ್ನೆಲ್ಲ ತಟ್ಟೆಯಲ್ಲಿಟ್ಟು, ದೇವಿಯ ಪಾದದ ಹತ್ತಿರ ಇರಿಸಿ, ಮಂಗಳಾರತಿ ಎತ್ತಿ, ಪಂಚಾಮೃತ ಕೊಟ್ಟು, ಆಮೇಲೆ ಒಂದೊಂದಾಗಿ ಮಕ್ಕಳ ಕೈಗೆ ಕೊಡುವುದು. ಶಾಲೆ ಕಟ್ಟಿಸಿದ ಕಾಲದಿಂದಲೂ ಪೂಜೆ ಮಾಡುವವರು, ಪಂಚಾಮೃತ ಕಲಸುವವರು, ಅದನ್ನು ಮಕ್ಕಳ ಅಂಗೈಗೆ ಹಾಕುವವರು ಸಂಸ್ಕೃತದ ಮೇಷ್ಟ್ರೇ. ಬೇರೆ ಯಾರೂ ಮುಟ್ಟುವಂತಿಲ್ಲ. ಜೋಯಿಸರಿಗೆ ಒಮ್ಮೆ ಜ್ವರ ಬಂದಿದ್ದಾಗ ಪೂಜೆಯನ್ನೇ ವಾರ ಮುಂದೂಡಿದ್ದರು.

ಇವತ್ತು ಮೀಟಿಂಗಿನಲ್ಲಿ ಕೆಲಸ ಹಂಚಿದರು. ಹೂವು ಪಿ.ಟಿ. ಮೇಷ್ಟ್ರಿಗೆ, ಶಾಮಿಯಾನ ಗಣಿತದವರಿಗೆ, ರಂಗೋಲಿ ವಿಜ್ಞಾನದವರಿಗೆ. ಪೂಜೆಗೆ ಈ ವರ್ಷ ಗುಡಿಯ ಅರ್ಚಕರನ್ನು ಕರೆಸುತ್ತಿದ್ದೇವೆ ಅಂದರು ಅನಸೂಯಮ್ಮ. ಯಾಕೆಂದು ಯಾರೂ ಕೇಳಲಿಲ್ಲ. ಎಲ್ಲರೂ ತಮ್ಮ ತಮ್ಮ ಡೈರಿ ನೋಡಿಕೊಂಡರು. ನನಗೆ ಕೊಟ್ಟದ್ದು ಮಕ್ಕಳನ್ನು ಸಾಲಾಗಿ ನಿಲ್ಲಿಸುವ ಕೆಲಸ.

ಜನವರಿ 10

ಪೂಜೆ ನನಗೆ ಬೇಕಾಗಿಲ್ಲ. ನಮ್ಮ ಮನೆಯಲ್ಲಿ ಊದುಬತ್ತಿ ಕಡ್ಡಿಯನ್ನೂ ಹಚ್ಚುವುದಿಲ್ಲ. ಬಾಯಿಮಾತಿಗಾದರೂ ಒಂದು ಸಲ ಕೇಳಬೇಕಿತ್ತು. ಕೇಳಿದ್ದರೆ ಬೇಡ ಅಂತ ನಾನೇ ಹೇಳುತ್ತಿದ್ದೆ.

ಜನವರಿ 22

ಮಾದರಿ ಪ್ರಶ್ನೆಪತ್ರಿಕೆಯಲ್ಲಿ ಚತುರ್ವರ್ಣ ಬಂದಿದೆ. ಮಕ್ಕಳಿಗೆ ಹೇಳಿ ಬರೆಸಿದೆ. ನೀವೇ ಗೆರೆ ಎಳೆಸಿದ್ದಿರಲ್ಲ ಮಿಸ್ ಎಂದಳು ಗೌತಮಿ. ಒಂದು ಅಂಕ ನಿಮ್ಮಪ್ಪ ತಂದುಕೊಡುತ್ತಾನಾ, ಸುಮ್ಮನೆ ಬರಿ ಎಂದೆ. ಎಲ್ಲದಕ್ಕೂ ಎದುರು ಮಾತು ಈ ಹುಡುಗಿಯದು. ಬಹುಮಾನ ಬಂದದ್ದು ನೆತ್ತಿಗೇರಿದೆ.

ಫೆಬ್ರವರಿ 3

ಅಟೆಂಡರ್ ಬಯ್ಯಪ್ಪ ಟೀ ತಂದಿಟ್ಟು ಬಾಗಿಲ ಹೊರಗೆ ಒಮ್ಮೆ ನೋಡಿ ಮೆಲ್ಲಗೆ ಹೇಳಿದ: "ಅಮ್ಮೋರೇ ಬ್ಯಾಡ ಅಂದ್ರಂತೆ ಮೇಡಂ. ಆಯಮ್ಮನ ಕೈಲಿ ಎಂಗೆ ಅಂದ್ರಂತೆ. ನಾನೇಳ್ದೆ ಅನ್ಬ್ಯಾಡ್ರಿ." ಅಮ್ಮೋರು ಎಂದರೆ ವೆಂಕಟರತ್ನಮ್ಮ, ರಮೇಶ್‌ಬಾಬು ಅವರ ತಾಯಿ. ಶಾಲೆ ಕಟ್ಟಿಸಿದ್ದು ಅವರ ಯಜಮಾನರು, ಪೂಜೆಯ ಖರ್ಚೂ ಅವರ ಮನೆಯದೇ.

ಗೊತ್ತಿಲ್ಲದ್ದೇನೂ ಅಲ್ಲ. ಆದರೂ ಬಾಯಿಬಿಟ್ಟು ಹೇಳಿದ್ದನ್ನು ಕೇಳಿದ ಮೇಲೆ ಟೀ ಮುಟ್ಟಲಿಲ್ಲ. ಅವರ ಮೊಮ್ಮಕ್ಕಳಿಗೆ ಗೀತೆಯ ಶ್ಲೋಕ ಬಾಯಿಪಾಠ ಮಾಡಿಸಿದ್ದು ಈ ಆಯಮ್ಮನೇ. ಬಾಯಿ ಆಗುತ್ತದೆ, ಕೈ ಆಗುವುದಿಲ್ಲ.

ಊಟದ ಬಿಡುವಿನಲ್ಲಿ ನೇರ ಕಾರ್ಯದರ್ಶಿಗಳ ಕೋಣೆಗೆ ಹೋದೆ. ಕೂರಿ ಅಂದರು, ಕೂರಲಿಲ್ಲ. "ಸರ್, ಈ ಶಾಲೇಲಿ ಪೂಜೆ ಮಾಡೋದು ಸಂಸ್ಕೃತದ ಟೀಚರ್. ಸಂಸ್ಕೃತದ ಟೀಚರ್ ನಾನು ಹೌದಾ, ಅಲ್ವಾ? ಅಷ್ಟು ಹೇಳಿಬಿಡಿ" ಎಂದೆ. ಅವರು ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡಿದರು. ಹಾಗೇನಿಲ್ಲ ಮೇಡಂ, ನಿಮಗೆ ನಿಮ್ಮದೇ ಆದ ನಂಬಿಕೆ ಇದೆಯಲ್ಲ, ಅದಕ್ಕೆ ಗೌರವ ಕೊಟ್ಟು ಹಾಗೆ ಮಾಡಿದ್ದು ಎಂದರು. ನನ್ನ ನಂಬಿಕೆ ನಾನು ನೋಡಿಕೊಳ್ಳುತ್ತೇನೆ ಎಂದೆ. ಅಮ್ಮನ ಹತ್ತಿರ ಮಾತಾಡಿ ಹೇಳುತ್ತೇನೆ ಎಂದರು.

ಫೆಬ್ರವರಿ 6

ಗೆದ್ದೆ. ರಮೇಶ್‌ಬಾಬು ಸ್ಟಾಫ್ ರೂಮಿಗೇ ಬಂದು ಎಲ್ಲರ ಎದುರಿಗೆ, ಪೂಜೆ ಹರಿಣಿ ಮೇಡಂ ಮಾಡುತ್ತಾರೆ, ಪಂಚಾಮೃತವೂ ಅವರದೇ ಎಂದರು. ಗಣಿತದವರ ಮುಖ ನೋಡಬೇಕಿತ್ತು. ಒಂದೇ ಮಾತು, ಮನೆಯಲ್ಲಿ ಮಾಡಿ ತರುವುದು ಬೇಡ, ಶಾಲೆಯಲ್ಲೇ ಮಾಡಿ, ಹಾಲು ತುಪ್ಪ ಎಲ್ಲ ನಮ್ಮ ಮನೆಯಿಂದ ಬರುತ್ತದೆ, ಪಾತ್ರೆಯೂ ನಮ್ಮದೇ ಇರಲಿ ಎಂದರು. ಬೆಳ್ಳಿ ಪಾತ್ರೆಯಂತೆ! ಜೋಯಿಸರು ತಮ್ಮ ಮನೆಯ ಹಿತ್ತಾಳೆ ಪಾತ್ರೆಯಲ್ಲಿ ತರುತ್ತಿದ್ದರು. ಅವರಿಗೂ ಸಿಗದ ಮರ್ಯಾದೆ ಇದು.

ಅಪ್ಪನಿಗೆ ಹೇಳಲಿಲ್ಲ. ಸುಮ್ಮನೆ ಬೇಜಾರು ಮಾಡಿಕೊಳ್ಳುತ್ತಾರೆ.

ಫೆಬ್ರವರಿ 17

ಅಮ್ಮನಿಗೆ ಮಾತ್ರ ಹೇಳಿದೆ. ಅಮ್ಮ ಲಕ್ಷ್ಮಿದೇವಮ್ಮನಿಗೆ ಬುದ್ಧನೂ ಬೇಕು, ಅಪ್ಪನಿಗೆ ಗೊತ್ತಾಗದಂತೆ ಗಂಗಮ್ಮನೂ ಬೇಕು, ವರ್ಷಕ್ಕೊಮ್ಮೆ ಪಕ್ಕದ ಮನೆ ಸಾಬರ ಹೆಂಗಸಿನ ಜೊತೆ ಬಸ್ಸು ಹತ್ತಿ ಮುರುಗಮಲ್ಲದ ದರ್ಗಾಕ್ಕೆ ಹೋಗಿ ಸಕ್ಕರೆ ಓದಿಸಿಕೊಂಡು ಬರುವುದೂ ಬೇಕು. ಕೇಳಿ ಖುಷಿಪಟ್ಟಾಳು ಅಂದುಕೊಂಡಿದ್ದೆ. ಅಕ್ಕಿಯಲ್ಲಿ ಕಲ್ಲು ಆರಿಸುತ್ತಲೇ, "ನೀನ್ ಕೊಡ್ತೀಯ ಸರಿ. ಅವರು ತಿಂತಾರಾ?" ಅಂತ ಕೇಳಿದಳು. ಹಳೇ ಕಾಲದವಳು. ಈಗ ಹಾಗೆಲ್ಲ ಇಲ್ಲಮ್ಮ, ಸೆಕ್ರೆಟರಿಯವರೇ ಎಲ್ಲರ ಎದುರಿಗೆ ಹೇಳಿದ್ದಾರೆ ಎಂದೆ.

ಜೋಯಿಸರಿಗೆ ಫೋನ್ ಮಾಡಿ ಕ್ರಮ ಕೇಳಿಕೊಂಡೆ. ಪಾಪ, ಚೆನ್ನಾಗಿ ಹೇಳಿಕೊಟ್ಟರು. ಮೊದಲು ಹಾಲು, ಆಮೇಲೆ ಮೊಸರು, ತುಪ್ಪ, ಜೇನು, ಕೊನೆಗೆ ಸಕ್ಕರೆ, ಒಂದೊಂದಕ್ಕೂ ಒಂದೊಂದು ಮಂತ್ರ, ಎಲ್ಲ ಕಲಸಿದ ಮೇಲೆ ಬಾಳೆಹಣ್ಣಿನ ಚೂರು. ಮಂತ್ರವೆಲ್ಲ ಕಂಠಪಾಠ ಮಾಡುತ್ತಿದ್ದೇನೆ. ಬಸ್ಸಿನಲ್ಲಿ, ಬಟ್ಟೆ ಒಗೆಯುವಾಗ, ಕ್ಲಾಸಿನಲ್ಲಿ ಮಕ್ಕಳು ಬರೆಯುತ್ತಿರುವಾಗ, ಬಾಯಲ್ಲಿ ಅದೇ ಓಡುತ್ತಿರುತ್ತದೆ.

ಫೆಬ್ರವರಿ 27

ಶುಕ್ರವಾರ ಒಪ್ಪತ್ತು ಮಾಡುತ್ತಿದ್ದೇನೆ. ಮೈ ಹಗುರಾಗುತ್ತದೆ. ಹಣೆಗೆ ಕುಂಕುಮ ಇಟ್ಟುಕೊಂಡೆ, ಸೀರೆಗೆ ಹೊಂದುತ್ತಿತ್ತು. ಅಂಬರೀಶ ನೋಡಿ, "ಪೂಜೆ ನಿನ್ನ ಕೈಲಿ ಮಾಡಿಸ್ತಾ ಇದಾರಾ, ನಿನಗೇ ಮಾಡ್ತಾ ಇದಾರಾ" ಅಂತ ಕೇಳಿದ. ಅವನಿಗೆ ಎಲ್ಲವೂ ತಮಾಷೆ. ಡಿಪೋದಲ್ಲಿ ಗ್ರೀಸ್ ಹಚ್ಚಿಕೊಂಡು ಇರುವವನಿಗೆ ಇದರ ಬೆಲೆ ಏನು ಗೊತ್ತು.

ಮಾರ್ಚ್ 5

ನಾಳೆ. ಸಾದಲಿ ಕಡೆಯ ಪೋಷಕರೂ ಬರುತ್ತಾರಂತೆ. ರೇಷ್ಮೆ ಸೀರೆ ಇಸ್ತ್ರಿ ಮಾಡಿಸಿಟ್ಟಿದ್ದೇನೆ. ಊಟ ಸೇರಲಿಲ್ಲ.

ಮಾರ್ಚ್ 6

ಬೆಳಿಗ್ಗೆ ಬೇಗನೆ ಶಾಲೆಗೆ ಹೋದೆ. ವೆಂಕಟರತ್ನಮ್ಮನವರ ಮನೆಯಿಂದ ಎಲ್ಲ ಬಂದಿತ್ತು. ಬಯ್ಯಪ್ಪ ಪಾತ್ರೆ ಇಟ್ಟು ಹೋಗಲಿಲ್ಲ, ನಾನು ಕಲಸಿ ಮುಗಿಸುವವರೆಗೆ ಬಾಗಿಲಲ್ಲೇ ನಿಂತಿದ್ದ. ಹೋಗಪ್ಪ ಅಂದರೆ, ಅಮ್ಮೋರು ಇಲ್ಲೇ ಇರು ಅಂದವರೆ ಎಂದ. ಬೆಳ್ಳಿಯಲ್ಲವೇ, ಜೋಪಾನ ನೋಡಿಕೊಳ್ಳಬೇಕಾದ್ದೇ.

ಪೂಜೆ ಚೆನ್ನಾಗಿ ಆಯಿತು. ಒಂದು ಮಂತ್ರವೂ ತಪ್ಪಲಿಲ್ಲ. ಅಷ್ಟೂ ಜನ ನನ್ನ ಧ್ವನಿ ಕೇಳುತ್ತ ಕೈಮುಗಿದು ನಿಂತಿದ್ದರು. ಆ ಹೊತ್ತಿನಲ್ಲಿ ನನಗೆ ಅಳು ಬಂತು, ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ಬೆಳ್ಳಿ ಪಾತ್ರೆ ಹಿಡಿದು ನಿಂತೆ. ಅಮ್ಮನವರಿಗೆ ಮೊದಲು ಕೊಡಲು ಹೋದೆ. ಅವರಿಗೆ ಇವತ್ತು ಉಪವಾಸವಂತೆ, ಹಣ್ಣೂ ಮುಟ್ಟುವುದಿಲ್ಲವಂತೆ. ಅನಸೂಯಮ್ಮನಿಗೆ ಶುಗರ್, ಅಂಗೈಗೆ ಹಾಕಿಸಿಕೊಂಡು ಕಣ್ಣಿಗೆ ಒತ್ತಿಕೊಂಡು ಸೆರಗಿಗೆ ಒರೆಸಿಕೊಂಡರು. ರಮೇಶ್‌ಬಾಬು ಅವರಿಗೆ ಅದೇ ಹೊತ್ತಿಗೆ ಫೋನ್ ಬಂತು, ಮಾತಾಡುತ್ತ ಹೊರಗೆ ಹೋದರು. ದೊಡ್ಡವರಿಗೆ ನೂರೆಂಟು ಕೆಲಸ.

ಮಕ್ಕಳು ಒಬ್ಬೊಬ್ಬರಾಗಿ ಬಂದರು. ಎಲ್ಲರೂ ಕೈಯೊಡ್ಡಿದರು. ಒಬ್ಬರೂ ಬೇಡ ಅನ್ನಲಿಲ್ಲ. ತಗೊಂಡವರು ಕೈ ಮುಚ್ಚಿಕೊಂಡು ಹಿಂದಿನ ನಲ್ಲಿಯ ಕಡೆಗೆ ಹೋಗುತ್ತಿದ್ದರು. ಆ ಕಡೆ ನೀರು ಬಿಟ್ಟ ಸದ್ದು ನಿಲ್ಲಲೇ ಇಲ್ಲ. ಆಮೇಲೆ ನೋಡಿದರೆ ಮೋರಿಯಲ್ಲಿ ಬೆಳ್ಳಗೆ ನೀರು ಹರಿದಿತ್ತು, ಬಾಳೆಹಣ್ಣಿನ ಚೂರುಗಳೂ ಬಿದ್ದಿದ್ದವು. ಜೇನು ಅಂಟುತ್ತದಲ್ಲ, ತೊಳೆದುಕೊಂಡಿರುತ್ತಾರೆ. ಈಗಿನ ಮಕ್ಕಳಿಗೆ ಬಾಳೆಹಣ್ಣೂ ಸೇರುವುದಿಲ್ಲ.

ಕೊನೆಗೆ ಗೌತಮಿ ಬಂದಳು. ಕೈ ಹಿಂದಕ್ಕೆ ಕಟ್ಟಿಕೊಂಡಿದ್ದಳು. ಕೈ ಒಡ್ಡಮ್ಮ ಎಂದೆ.

"ಬೇಡ ಮಿಸ್. ನಮ್ಮನೇಲಿ ತಗೊಳಲ್ಲ."

ಮೆಲ್ಲಗೇ ಹೇಳಿದಳು. ಆದರೆ ಅಮ್ಮನವರ ಕುರ್ಚಿ ಪಕ್ಕದಲ್ಲೇ ಇತ್ತು. ಪೋಷಕರೂ ನೋಡುತ್ತಿದ್ದರು. ಮನೆಯದ್ದು ಮನೆಯಲ್ಲಿ ಇರಲಿ, ಇದು ವಿದ್ಯೆಯ ಪೂಜೆ, ಎಲ್ಲರೂ ತಗೊಂಡಿದ್ದಾರೆ ಎಂದೆ.

"ಕೊಂಡಪ್ಪ ತಾತನೇ ಹೇಳ್ಕೊಟ್ಟಿರೋದು ಮಿಸ್. ನಿಮಗೂ ಗೊತ್ತಲ್ಲ."

ಎಲ್ಲ ಬಿಟ್ಟು ಅಪ್ಪನ ಹೆಸರು, ಅದೂ ಅಲ್ಲಿ, ಆ ಹೊತ್ತಿನಲ್ಲಿ! ಇಷ್ಟು ವರ್ಷ ಎಲ್ಲರೂ ನನ್ನ ಕೈಗೆ ಅಡ್ಡ ನಿಂತರು, ಅವರ ಬಾಯನ್ನೆಲ್ಲ ಮುಚ್ಚಿಸಿ ಇಲ್ಲಿಗೆ ಬಂದು ನಿಂತರೆ, ನನ್ನ ಕೈಯದು ಬೇಡ ಅನ್ನುವ ಧೈರ್ಯ ಬಂದದ್ದು ನಮ್ಮ ಕೇರಿಯ ಈ ಒಬ್ಬಳಿಗೆ. ಎಷ್ಟು ಕೊಬ್ಬು. ಅವಳ ಬಲಗೈ ಎಳೆದು ಅಂಗೈ ಬಿಡಿಸಿ ಹಾಕಿದೆ. ಇದನ್ನು ಕುಡಿಯದೆ ಹಾಲ್ ಟಿಕೆಟ್ ಕೊಡುವುದಿಲ್ಲ ಎಂದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಬೆರಳಿನ ಸಂದಿಯಿಂದ ಸೋರುತ್ತಿತ್ತು. ಮತ್ತೆ ಹಾಕಿದೆ.

ಕುಡಿದಳು. ಗಂಟಲಲ್ಲಿ ಇಳಿದದ್ದನ್ನು ನೋಡಿಯೇ ಕೈಬಿಟ್ಟೆ. ಬೇರೆಯವರು ಕುಡಿದರೋ ಇಲ್ಲವೋ ನಿಂತು ನೋಡಲು ನನಗೆ ಪುರುಸೊತ್ತಿರಲಿಲ್ಲ, ಇವಳು ಕುಡಿದದ್ದನ್ನು ಮಾತ್ರ ಕಣ್ಣಾರೆ ಕಂಡೆ. ಶಿಸ್ತು ಅಂದರೆ ಹೀಗಿರಬೇಕು ಎಂದು ಅಮ್ಮನವರು ಪಕ್ಕದವರಿಗೆ ಹೇಳಿದ್ದು ಕಿವಿಗೆ ಬಿತ್ತು. ಹನ್ನೊಂದು ವರ್ಷದಲ್ಲಿ ಅವರ ಬಾಯಲ್ಲಿ ನನ್ನ ಬಗ್ಗೆ ಬಂದ ಮೊದಲನೇ ಒಳ್ಳೆಯ ಮಾತು.

ಮಾರ್ಚ್ 7

ಕಾಯಂ ಆದೇಶ ಕೈಗೆ ಬಂತು! ಎಲ್ಲರೂ ಕೈಕುಲುಕಿದರು. ರಮೇಶ್‌ಬಾಬು ಪೂಜೆಯನ್ನು ಹೊಗಳಿದರು. ಮುಂದಿನ ವರ್ಷದಿಂದ ಅರ್ಚಕರನ್ನೇ ಕರೆಸೋಣ, ಪಾಠದ ಜೊತೆ ಇದೂ ಅಂದರೆ ನಿಮಗೆ ಭಾರವಾಗುತ್ತದೆ ಎಂದರು. ನಿಜ, ಒಪ್ಪತ್ತು ಮಾಡಿ ಮಾಡಿ ನನಗೂ ಸುಸ್ತಾಗಿತ್ತು. ಇಷ್ಟು ಯೋಚಿಸುವ ಮ್ಯಾನೇಜ್‌ಮೆಂಟ್ ಎಷ್ಟು ಜನಕ್ಕೆ ಸಿಗುತ್ತದೆ. ಅಂಬರೀಶನಿಗೆ ಮೈಸೂರ್ ಪಾಕ್ ತರಲು ಹೇಳಿದೆ.

ಮಾರ್ಚ್ 8, ಭಾನುವಾರ

ಹನ್ನೊಂದು ಗಂಟೆಗೆ ಅಪ್ಪ ಬಂದರು. ಹಿಂದೆಯೇ ಅಮ್ಮ. ಸ್ವೀಟ್ ಕೊಟ್ಟೆ, ಆದೇಶ ತೋರಿಸಿದೆ. ಅಪ್ಪ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಸ್ವೀಟ್ ತಟ್ಟೆಯಲ್ಲೇ ಇತ್ತು. ಆ ಮಗು ಇವತ್ತು ವಂದನೆಗೆ ಬರಲಿಲ್ಲ, ಮನೆಗೆ ಹೋಗಿ ವಿಚಾರಿಸಿಕೊಂಡು ಬಂದೆ ಎಂದರು.

ನನಗೆ ತಡೆಯಲಿಲ್ಲ. ಎಲ್ಲ ಹೇಳಿದೆ. ಮೀಟಿಂಗಿನಲ್ಲಿ ಯಾರೂ ಕೇಳದೆ ಹೋದದ್ದು, ಆಯಮ್ಮನ ಕೈಲಿ ಎಂಗೆ ಅಂದದ್ದು, ನಾನು ಒಬ್ಬಳೇ ಹೋಗಿ ನಿಂತು ಕೇಳಿದ್ದು, ಅಷ್ಟು ಜನ ಮೇಲ್ಜಾತಿಯವರು ಸಾಲಿನಲ್ಲಿ ನಿಂತು ನನ್ನ ಕೈಗೆ ಕೈಯೊಡ್ಡಿದ್ದು. ನಾನು ಗೆದ್ದಿದ್ದೇನೆ, ನಿಮಗೆ ಒಂಚೂರಾದರೂ ಸಂತೋಷ ಇಲ್ಲವಾ ಅಂತ ಕೇಳಿದೆ. ಅಳುತ್ತಲೇ ಕೇಳಿದೆ. ಅಮ್ಮ ಸೆರಗು ಬಾಯಿಗಿಟ್ಟುಕೊಂಡು ಗೋಡೆ ನೋಡುತ್ತಿದ್ದಳು.

ಅಪ್ಪ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. ಬೈದಿದ್ದರೆ ನಾನೂ ಬೈಯಬಹುದಿತ್ತು.

"ನಮ್ಮೂರ ಗುಡೀಲಿ ನನ್ನ ದೂರ ನಿಂತ್ಕೋ ಅಂದ್ರಮ್ಮ. ತೀರ್ಥ ಕೊಡಲಿಲ್ಲ. ಬೈದ್ರು. ಒಂದ್ಸಲ ಕಟ್ಟಿಹಾಕಿ ಹೊಡೆದ್ರು. ಎಲ್ಲ ಮಾಡಿದ್ರು. ಆದ್ರೆ ಕೈ ಹಿಡಿದು ಬಲವಂತವಾಗಿ ಕುಡಿಸಿರಲಿಲ್ಲ ಯಾರೂ. ಅದೊಂದು ಬಾಕಿ ಇತ್ತು. ಅದು ನಿನ್ನ ಕೈಲಾಯ್ತು."

ಚಪ್ಪಲಿ ಮೆಟ್ಟಿಕೊಂಡು ಹೋದರು. ಅಮ್ಮನೂ ಹೋದಳು, ಹೋಗುವಾಗ ನನ್ನ ತಲೆ ಸವರುತ್ತಿದ್ದವಳು ಇವತ್ತು ಸವರಲಿಲ್ಲ. ಅಪ್ಪನಿಗೆ ವಯಸ್ಸಾಯಿತು, ಲೋಕ ಹೇಗೆ ನಡೆಯುತ್ತದೆ ಅಂತ ಈಗ ಗೊತ್ತಾಗುವುದಿಲ್ಲ. ಅವರ ಜೊತೆ ವಾದಕ್ಕೆ ಕೂತರೆ ನನ್ನ ತಲೆಯೇ ಕೆಡುತ್ತದೆ. ಗೌತಮಿ ನಾಳೆಯೂ ಸ್ಪೆಷಲ್ ಕ್ಲಾಸಿಗೆ ಬರದಿದ್ದರೆ ಗೈರುಹಾಜರಿ ಹಾಕಿ ಅವರ ತಂದೆಯನ್ನು ಕರೆಸಬೇಕು. ಈಗ ಕಾಯಂ ಆಗಿದ್ದೇನೆ, ಸಡಿಲ ಬಿಟ್ಟರೆ ನಾಲ್ಕು ಜನ ಏನೆಂದುಕೊಂಡಾರು.